ಗಂಡನೂ ಪರೀಕ್ಷೆಗೆ ಹೋಗಲಿ

ಮದುವೆಯಾಗಿ ಮೂರು ನಾಲ್ಕು ವರ್ಷ ಸಂದರೂ ತೊಟ್ಟಿಲು ಕಟ್ಟದ ಮನೆಗಳು ಪುತ್ತೂರು, ಸುಳ್ಯ, ಕಡಬದ ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲದಿಲ್ಲ. ಅತ್ತೂರಿನ ಸಂತ ಲಾರೆನ್ಸರಿಗೆ ಮೇಣದಬತ್ತಿ, ವೇಳಾಂಕಣಿಗೆ ಹರಕೆ, ಮಂಗಳೂರಿನ ವೈದ್ಯರಲ್ಲಿಗೆ ಅಲೆದಾಟ, ಇವೆಲ್ಲವೂ ಹೆಂಡತಿಯ ಪಾಲಿಗೆ. ಆಕೆಯ ವರದಿಗಳ ಕಟ್ಟು ಕಪಾಟು ತುಂಬಿದ ಮೇಲೆ ಗಂಡನ ಸರದಿ, ಅದೂ ಒಲ್ಲದ ಮನಸ್ಸಿನಿಂದ. ಲೂಕನ ಶುಭಸಂದೇಶದಲ್ಲಿ ಬಂಜೆಯೆಂಬ ಹೆಸರು ಹೊತ್ತವಳು ಎಲಿಜಬೇತಳು. ಜಕರೀಯನ ಮೇಲೆ ಆ ಕಾಲದಲ್ಲಿ ಯಾರಿಗೂ ಸಂಶಯ ಮೂಡಲಿಲ್ಲ. ಇಂದಿಗೂ ನಾವು ಅಲ್ಲಿಯೇ ನಿಂತಿದ್ದೇವೆಯೇ?

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ಅವುಗಳಲ್ಲಿ ಸರಿಪಡಿಸಬಹುದಾದವುಗಳ ಪೈಕಿ ಪ್ರಮುಖವಾದುದು ವೆರಿಕೋಸಿಲ್. ವೃಷಣದಿಂದ ರಕ್ತವನ್ನು ಮೇಲಕ್ಕೊಯ್ಯುವ ನಾಳಗಳು ಉಬ್ಬಿ, ರಕ್ತ ಹಿಮ್ಮುಖವಾಗಿ ಇಳಿದು ನಿಲ್ಲುವುದೇ ಈ ತೊಂದರೆ. ಹೆಚ್ಚಾಗಿ ಎಡಗಡೆ ಕಾಣಿಸುತ್ತದೆ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇದು ಇರುತ್ತದೆ, ಅವರಲ್ಲಿ ಬಹುಮಂದಿ ಮಕ್ಕಳೊಂದಿಗರೇ. ಆದುದರಿಂದ ಉಬ್ಬು ಕಂಡೊಡನೆ ಕತ್ತರಿ ಹಿಡಿಯಬೇಕಾಗಿಲ್ಲ. ವೈದ್ಯರ ಕೈಗೆ ತಾಗುವ ಉಬ್ಬು, ವೀರ್ಯಪರೀಕ್ಷೆಯಲ್ಲಿ ದೋಷ, ಮಕ್ಕಳಾಗದಿರುವುದು ಈ ಮೂರೂ ಕೂಡಿದ್ದಲ್ಲಿ ಮಾತ್ರ ಚಿಕಿತ್ಸೆಯ ಮಾತು. ಸ್ಕ್ಯಾನಿಂಗಿನಲ್ಲಷ್ಟೇ ಕಾಣುವ ಸಣ್ಣ ಉಬ್ಬಿಗೆ ಶಸ್ತ್ರಕ್ರಿಯೆ ಮಾಡಿಸಿ ಪ್ರಯೋಜನವಿಲ್ಲ.

ಶಸ್ತ್ರಕ್ರಿಯೆಯೆಂದರೆ ತೊಡೆಸಂದಿನ ಬಳಿ ಸಣ್ಣ ಗಾಯ ಮಾಡಿ ಕೆಟ್ಟ ನಾಳಗಳನ್ನು ಕಟ್ಟುವುದು. ಸೂಕ್ಷ್ಮದರ್ಶಕದ ನೆರವಿನಿಂದ ಮಾಡಿದಲ್ಲಿ ಉಬ್ಬು ಮರುಕಳಿಸುವುದೂ ನೀರು ತುಂಬುವುದೂ ಬಹು ಕಡಿಮೆ. ಶಸ್ತ್ರಕ್ರಿಯೆಯಿಲ್ಲದ ದಾರಿಯೂ ಉಂಟು: ಕುತ್ತಿಗೆ ಅಥವಾ ತೊಡೆಯ ರಕ್ತನಾಳದಿಂದ ನಳಿಕೆ ಹಾಯಿಸಿ, ಲೋಹದ ಸುರುಳಿಯಿಂದ ಆ ನಾಳವನ್ನು ಮುಚ್ಚುವುದು. ಗಾಯ ಅಲ್ಪ, ಕೆಲಸಕ್ಕೆ ಬೇಗ ಮರಳಬಹುದು. ಆದರೆ ನಳಿಕೆ ಎಲ್ಲರಲ್ಲೂ ಗುರಿ ಮುಟ್ಟುವುದಿಲ್ಲ. ಅದಕ್ಕೆ ಬೇಕಾದ ಯಂತ್ರವೂ ತಜ್ಞರೂ ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಇರುವುದರಿಂದ ಕಡಬದವರು ಮಂಗಳೂರಿನ ಬಸ್ಸು ಹತ್ತಬೇಕಾದೀತು.

ನಮಗೆ ನೋವು ತರುವುದು ಮೂರನೆಯ ದಾರಿ. ಕತ್ತರಿಗೆ ಅಂಜಿದ ಗಂಡಸರು ಜಾಹೀರಾತಿನ ಪುಡಿ, ಲೇಹ್ಯ, ಮಾತ್ರೆಗಳಿಗೆ ಅಡಿಕೆಯ ಒಂದು ಕೊಯಿಲಿನ ಹಣ ಸುರಿಯುತ್ತಾರೆ. ಉಬ್ಬಿದ ನಾಳವನ್ನು ಕುಗ್ಗಿಸುವ ಮಾತ್ರೆ ಇದುವರೆಗೆ ಇಲ್ಲ. ಶಕ್ತಿವರ್ಧಕಗಳಿಂದ ಸಂತಾನಭಾಗ್ಯ ಲಭಿಸುವುದೆಂಬುದಕ್ಕೆ ಇರುವ ಆಧಾರವೂ ದುರ್ಬಲವೇ. ಕಾರಣವೊಂದು ಕಡೆ, ಮದ್ದು ಇನ್ನೊಂದು ಕಡೆ! ಅಷ್ಟರಲ್ಲಿ ಹೆಂಡತಿಯ ವಯಸ್ಸು ಏರುತ್ತಿರುತ್ತದೆ. ಅದು ಯಾವ ಲೇಹ್ಯಕ್ಕೂ ಕಾಯುವುದಿಲ್ಲ.

ಧರ್ಮಸಭೆ ಇದಕ್ಕೆಲ್ಲ ಅಡ್ಡಿಯೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಪ್ರನಾಳ ಶಿಶುವನ್ನು ಧರ್ಮಸಭೆ ಒಪ್ಪದಿರುವುದು ನಿಜ. 1987ರ ‘ದೋನುಮ್ ವೀತೆ’ ಬೋಧನಾಪತ್ರ ಅದನ್ನು ಸ್ಪಷ್ಟಪಡಿಸಿದೆ. ಆದರೆ ದಾಂಪತ್ಯದ ಸ್ಥಾನವನ್ನು ಕಸಿಯದೆ ಸಹಜ ಗರ್ಭಧಾರಣೆಯ ಅಡೆತಡೆಯನ್ನು ನಿವಾರಿಸುವ ಚಿಕಿತ್ಸೆ ನ್ಯಾಯವಾದುದೆಂದು 2008ರ ‘ದಿಗ್ನಿತಾಸ್ ಪೆರ್ಸೋನೆ’ ತಿಳಿಸುತ್ತದೆ. ನಾಳ ಕಟ್ಟುವುದಾಗಲಿ ಸುರುಳಿಯಿಂದ ಮುಚ್ಚುವುದಾಗಲಿ ಇಂತಹುದೇ. ಪರೀಕ್ಷೆಗೆ ವೀರ್ಯ ಸಂಗ್ರಹಿಸುವ ಕ್ರಮದಲ್ಲಿ ಮನಸ್ಸಾಕ್ಷಿಗೆ ಅಳುಕಿದ್ದರೆ ವಿಚಾರಣ ಗುರುಗಳನ್ನು ಕೇಳಬಹುದು. ಧರ್ಮಸಮ್ಮತವಾದ ಕ್ರಮವೂ ಇದೆ. ಇಂತಹ ಪ್ರಶ್ನೆ ಕೇಳಿ ನಾವು ಮುಖ ಸಿಂಡರಿಸುವುದಿಲ್ಲ.

ಚಿಕಿತ್ಸೆಯಾದ ಮರುತಿಂಗಳೇ ಫಲ ಕಾಣದೆಂದು ಕೊರಗಬೇಡಿರಿ. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷೆ ಮಾಡಿಸಿರಿ, ಆರು ತಿಂಗಳಿಗೆ ಇನ್ನೊಮ್ಮೆ. ಪತ್ನಿಗೆ ಮೂವತ್ತೈದು ದಾಟಿದ್ದರೆ ಮೊದಲ ಭೇಟಿಯಲ್ಲೇ ಅದನ್ನು ವೈದ್ಯರಿಗೆ ಹೇಳಿರಿ, ಇಬ್ಬರೂ ಜೊತೆಯಾಗಿ ಹೋಗಿ.