ಸಾರುವೆಗೂ ಪರವಾನಗಿ

ಮನೆ ಯಾರದೇ ಆಗಿರಲಿ, ಅದರ ಮುಂದಣ ಬೀದಿ ಎಲ್ಲರದು. ಗೋಡೆಗೆ ಸುಣ್ಣ ಬಳಿಯುವುದಕ್ಕಾಗಲಿ, ಸೋರುವ ಮಾಡನ್ನು ಸರಿಪಡಿಸುವುದಕ್ಕಾಗಲಿ ಸಾರುವೆ ಕಟ್ಟದೆ ಕೆಲಸ ಸಾಗದು. ಸುತ್ತ ಅಂಗಳ ಹಿತ್ತಲುಗಳುಳ್ಳವರಿಗೆ ಇದರ ಚಿಂತೆಯಿಲ್ಲ. ಗೋಡೆಯ ಬುಡಕ್ಕೇ ಕಾಲುದಾರಿ ತಾಗಿರುವ ಪೇಟೆಯಲ್ಲಾದರೋ ಸಾರುವೆಯ ಕಂಬ ನಿಲ್ಲಬೇಕಾದುದು ಸಾರ್ವಜನಿಕರ ನೆಲದಲ್ಲಿಯೇ. ಒಬ್ಬನ ಅಗತ್ಯವೂ ಹಲವರ ಹಕ್ಕೂ ಹೀಗೆ ಗೇಣಗಲ ಜಾಗದಲ್ಲಿ ಎದುರುಬದುರಾದಾಗ ನ್ಯಾಯ ಹೇಳುವವರು ಯಾರು?

ಇಂಗ್ಲೆಂಡಿನವರು ಇದಕ್ಕೆ ಶಾಸನದಲ್ಲಿಯೇ ಉತ್ತರ ಬರೆದಿಟ್ಟಿದ್ದಾರೆ. ಅಲ್ಲಿನ ಹಳೆಯ ಪಟ್ಟಣಗಳಲ್ಲಿ ಸಾಲುಮನೆಗಳು ಬೀದಿಗೆ ನೇರವಾಗಿ ಮುಖವೊಡ್ಡಿ ನಿಂತಿರುವುದರಿಂದ ಈ ತೊಡಕು ನಿತ್ಯದ್ದು. 1980ರ ಹೆದ್ದಾರಿ ಶಾಸನದ 169ನೆಯ ವಿಧಿಯಂತೆ, ದಾರಿಗೆ ಅಡ್ಡವಾಗುವ ಸಾರುವೆಯನ್ನು ರಸ್ತೆಯ ಅಧಿಕಾರವುಳ್ಳ ಸ್ಥಳೀಯ ಸಂಸ್ಥೆಯ ಲಿಖಿತ ಪರವಾನಗಿಯಿಲ್ಲದೆ ಕಟ್ಟಕೂಡದು, ಕಟ್ಟಿದರೆ ದಂಡ. ಇಲ್ಲಿ ಹೆದ್ದಾರಿಯೆಂದರೆ ಊರೂರನ್ನು ಕೂಡಿಸುವ ದೊಡ್ಡ ರಸ್ತೆ ಮಾತ್ರವಲ್ಲ. ಜನರಿಗೆ ನಡೆಯುವ ಹಕ್ಕಿರುವ ಓಣಿಯೂ ಕಾಲುದಾರಿಯೂ ಆ ಮಾತಿನಲ್ಲಿ ಅಡಕವಾಗಿವೆ. ಕಾಲುದಾರಿಯಿಂದ 8 ಅಡಿ ಎತ್ತರದಲ್ಲಿದ್ದು, ವಾಹನಗಳ ದಾರಿಯಿಂದ 18 ಅಂಗುಲ ದೂರವುಳಿದ ಕಟ್ಟಣೆಗೆ ಮಾತ್ರ ವಿನಾಯಿತಿ. ಅದು ಯಾರ ತಲೆಗೂ ತಾಗದು, ಯಾವ ಗಾಡಿಗೂ ತಡೆಯಾಗದು.

ಈ ವಿಧಿಯ ಸ್ವಾರಸ್ಯವಿರುವುದು ಅದು ಅಧಿಕಾರಿಗೆ ತೊಡಿಸಿದ ಕಡಿವಾಣದಲ್ಲಿ. ತಕ್ಕ ವಿವರಗಳೊಡನೆ ಅರ್ಜಿ ಬಂದರೆ ಆತನು ಪರವಾನಗಿಯನ್ನು ಕೊಡಲೇಬೇಕು. ನಿರಾಕರಿಸಲು ಕಾರಣಗಳು ಎರಡೇ: ಸಾರುವೆಯಿಂದ ಮಿತಿಮೀರಿದ ಅಡಚಣೆಯಾಗುವಂತಿರಬೇಕು; ಇಲ್ಲವೆ, ಇನ್ನೊಂದು ಬಗೆಯಲ್ಲಿ ಕಟ್ಟಿದರೆ ಅಡಚಣೆ ಕಡಿಮೆಯಾಗುವಂತಿದ್ದು, ಅದರಿಂದಲೂ ಕೆಲಸ ಸಾಗುವಂತಿರಬೇಕು. ನಿರಾಕರಣೆಯಾಗಲಿ, ವಿಧಿಸಿದ ಷರತ್ತಾಗಲಿ ಸರಿತೋರದಿದ್ದರೆ ಅರ್ಜಿದಾರನು ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಮೊರೆಹೋಗಬಹುದು. ಬೀದಿ ಎಲ್ಲರದೆಂದ ಮಾತ್ರಕ್ಕೆ ಮನೆಯೊಡೆಯನು ಕಚೇರಿಯ ಕೃಪೆಗಾಗಿ ಕೈಕಟ್ಟಿ ನಿಲ್ಲಬೇಕಾಗಿಲ್ಲವೆಂಬುದು ಇದರ ತಾತ್ಪರ್ಯ.

ಪರವಾನಗಿ ಪಡೆದವನಿಗೆ ಕರ್ತವ್ಯಗಳೂ ಉಂಟು. ಸೂರ್ಯಾಸ್ತದ ಅರ್ಧ ಗಂಟೆಯ ಅನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆಯ ಮೊದಲಿನವರೆಗೂ ಸಾರುವೆಯ ಬಳಿ ಸಾಕಷ್ಟು ಬೆಳಕಿರಬೇಕು. ಅಧಿಕಾರಿಗಳು ಹೇಳಿದ ಸಂಚಾರದ ಸೂಚನಾಫಲಕಗಳನ್ನು ನಿಲ್ಲಿಸಬೇಕು. ನೆಲದಡಿಯ ನೀರು, ಅನಿಲ, ವಿದ್ಯುತ್ತುಗಳ ಕೊಳವೆ ತಂತಿಗಳನ್ನು ನೋಡಿಕೊಳ್ಳುವವರಿಗೆ ಎಡೆಗೊಡಬೇಕು. ಕೆಲಸಗಾರರ ಕ್ಷೇಮಕ್ಕೆ ಬೇರೊಂದು ಕಟ್ಟಳೆಯಿದೆ: 2005ರ ನಿಯಮಗಳಂತೆ, 2 ಮೀಟರು ಅಥವಾ ಅದಕ್ಕಿಂತ ಮೇಲಿನಿಂದ ಬೀಳುವ ಸಂಭವವಿರುವ ಅಟ್ಟಣೆಯನ್ನು 7 ದಿನಕ್ಕೊಮ್ಮೆ ಪರೀಕ್ಷಿಸುತ್ತಿರಬೇಕು.

ಎಲ್ಲಕ್ಕಿಂತ ಮನನೀಯವಾದ ಮಾತು ವಿಧಿಯ ಕೊನೆಯ ಭಾಗದಲ್ಲಿದೆ. ಪರವಾನಗಿಯಂತೆ ನಡೆದವನ ಮೇಲೆ, ದಾರಿಗೆ ಅಡ್ಡವಾದನೆಂಬ ಕಾರಣಕ್ಕೆ ಯಾರೂ ದಾವೆ ಹೂಡುವಂತಿಲ್ಲ. ಆದರೆ ಆ ರಕ್ಷಣೆ ಅಷ್ಟಕ್ಕೇ ಮುಗಿಯಿತು. ಮೇಲಿನಿಂದ ಇಟ್ಟಿಗೆಯೊಂದು ಜಾರಿ ದಾರಿಹೋಕನ ತಲೆಯೊಡೆದರೆ, ಅಜಾಗರೂಕತೆಯ ಹೊಣೆಯನ್ನು ಯಾವ ಕಾಗದವೂ ತಪ್ಪಿಸದು. ಜಾಗವನ್ನು ಬಳಸಲು ಅಪ್ಪಣೆ ದೊರೆಯಬಹುದು; ಜೀವವನ್ನು ಅಲಕ್ಷಿಸಲು ಅಪ್ಪಣೆ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಇದು ಕಡಲಾಚೆಯವರಿಗಷ್ಟೇ ಹೊಳೆದ ವಿವೇಕವಲ್ಲ. 1976ರ ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮವೂ, ಕಟ್ಟಡದ ಕೆಲಸದಿಂದ ಬೀದಿಗಾಗಲಿ ಕಾಲುದಾರಿಗಾಗಲಿ ಅಡಚಣೆಯಾಗುವಂತಿದ್ದರೆ ಮೊದಲು ಆಯುಕ್ತರ ಪರವಾನಗಿ ಪಡೆಯಬೇಕು, ಸುತ್ತ ಬೇಲಿ ಹಾಕಬೇಕು, ರಾತ್ರಿ ದೀಪವಿಡಬೇಕು, ಅಪಘಾತವಾಗದಂತೆ ಎಚ್ಚರವಹಿಸಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅರ್ಜಿ, ಶುಲ್ಕ, ನಕಾಶೆಗಳೆಲ್ಲ ಬರಿಯ ಕಿರುಕುಳವೆಂದು ಗೊಣಗುವವರುಂಟು. ಕತ್ತಲಲ್ಲಿ ಕೋಲೂರಿ ಬರುವ ಕುರುಡನಿಗೆ, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಸಾರುವೆಯ ಕೆಳಗೆ ಹಾಯುವ ತಾಯಿಗೆ, ಗಾಲಿಕುರ್ಚಿಯಲ್ಲಿ ಸಾಗುವ ಅಂಗವಿಕಲನಿಗೆ ಆ ಕಿರುಕುಳವೇ ಕಾವಲು. ಗೋಡೆ ಎದ್ದ ಮೇಲೆ ಸಾರುವೆಯನ್ನು ಬಿಚ್ಚುತ್ತಾರೆ. ಅದು ನಿಂತಿದ್ದಷ್ಟು ದಿನ ಬೀದಿಯಲ್ಲಿ ನಡೆದವರೆಲ್ಲ ಸುಖವಾಗಿ ಮನೆ ಸೇರಿದರೆ ಮಾತ್ರ ಕಟ್ಟಿಸಿದವನ ಕೆಲಸ ಸಾಂಗವಾಯಿತೆನ್ನಬೇಕು.