ಒಗೆಯುವ ಯಂತ್ರದ ಆಯುಷ್ಯ ಬರೆದವರಾರು?

ಗುಜರಿ ಅಂಗಡಿಯಿಂದ ಹಳೆಯ ವಾಷಿಂಗ್ ಮಶಿನ್ ಒಂದನ್ನು ತೂಕದ ಲೆಕ್ಕದಲ್ಲಿ ಕೊಂಡು, ಮನೆಗೆ ಒಯ್ದು, ಬಿಚ್ಚಿ, ತುಕ್ಕು ತಿಕ್ಕಿ, ಮತ್ತೆ ತಿರುಗಿಸುವವರನ್ನು ಕಂಡರೆ ನಮ್ಮ ಹಳೇ ಹುಬ್ಬಳ್ಳಿಯಲ್ಲಿ ಕೆಲವರಿಗೆ ನಗು. “ಕಂತಿನ ಮೇಲೆ ಹೊಸಾದು ಸಿಗತೈತಿ, ಈ ಹಳೇ ಡಬ್ಬಿ ಹುಚ್ಚು ಯಾಕಪಾ?” ಎಂದು ಕೇಳುತ್ತಾರೆ. ಈ ಮಾತನ್ನು ಕಂಪನಿಯವರು ಆಡಿದರೆ ಆಶ್ಚರ್ಯವಿಲ್ಲ. ಅವರ ಹೊಟ್ಟೆ ತುಂಬುವುದೇ ಅದರಿಂದ. ಆದರೆ ಗಿರಣಿಯಲ್ಲಿ ಯಂತ್ರದೊಡನೆ ಬಾಳಿದ ಕಾಮಗಾರರು ಹೀಗೆ ಕೇಳಬಹುದೇ? ಪಟ್ಟಾ ಹರಿದರೆ ಪಟ್ಟಾ ಹಾಕುತ್ತೇವೆ, ಬೇರಿಂಗ್ ಸವೆದರೆ ಬೇರಿಂಗ್ ಬದಲಿಸುತ್ತೇವೆ. ಅಷ್ಟಕ್ಕೇ ಇಡೀ ಮಗ್ಗವನ್ನು ಬೀದಿಗೆ ಎಸೆದ ಮಾಲಕನನ್ನು ಯಾರಾದರೂ ಕಂಡಿದ್ದೀರಾ?

ಈ ಹವ್ಯಾಸ ಹುಚ್ಚಲ್ಲ, ಅದೊಂದು ಸಾಕ್ಷಿ. ಅಮೇರಿಕದ ಅಯೋವಾ ಪ್ರಾಂತದಲ್ಲಿ ನ್ಯೂಟನ್ ಎಂಬ ಊರಿದೆ. ಅಲ್ಲಿಯ ಮೇಟ್ಯಾಗ್ ಕಂಪನಿ 1920 ಮತ್ತು 1930ರ ದಶಕಗಳಲ್ಲಿ ಮಾಡಿದ, ಎರಡು ರಬ್ಬರ್ ಉರುಳೆಗಳ ನಡುವೆ ಬಟ್ಟೆ ಹಿಂಡುವ ಯಂತ್ರಗಳನ್ನು ಹವ್ಯಾಸಿಗಳು ಇಂದಿಗೂ ಹುಡುಕಿ ತಂದು ಓಡಿಸುತ್ತಾರೆ. ವಿದ್ಯುತ್ತಿಲ್ಲದ ಹಳ್ಳಿಮನೆಗಳಿಗಾಗಿ ಪೆಟ್ರೋಲ್ ಎಂಜಿನ್ ಕೂಡಿಸಿದ ಮಾದರಿಯೂ ಆಗ ಇತ್ತು. ತೊಂಬತ್ತು ವರ್ಷದ ಯಂತ್ರ ಇನ್ನೂ ತಿರುಗುವುದು ಹೇಗೆ? ಅದರ ಬೋಲ್ಟು ಬಿಚ್ಚಬಹುದು, ಗೇರಿಗೆ ಎಣ್ಣೆ ಹಾಕಬಹುದು, ಸವೆದ ಭಾಗವನ್ನು ಮಾತ್ರ ತೆಗೆದು ಬೇರೆ ಕೂಡಿಸಬಹುದು. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ.

ಅದನ್ನು ಮಾಡಿದ ಕೈಗಳ ಗತಿಯನ್ನೂ ಕೇಳಿರಿ. 1938ರಲ್ಲಿ ಅದೇ ಕಾರಖಾನೆಯ ಮಾಲಕರು ಪಗಾರದಲ್ಲಿ ಶೇಕಡಾ 10 ಕಡಿತ ಮಾಡಹೊರಟಾಗ ಕೆಲಸಗಾರರು ಮುಷ್ಕರ ಹೂಡಿದರು. ಸರಕಾರ ಸಶಸ್ತ್ರ ಪಡೆಯನ್ನು ಕಳಿಸಿತು. 2006ರಲ್ಲಿ ವರ್ಲ್‌ಪೂಲ್ ಕಂಪನಿ ಮೇಟ್ಯಾಗನ್ನು ಕೊಂಡಿತು, 2007ರಲ್ಲಿ ನ್ಯೂಟನ್ ಕಾರಖಾನೆಗೆ ಬೀಗ ಬಿತ್ತು. ಯಂತ್ರ ಬಾಳಿತು, ಅದನ್ನು ಮಾಡಿದವರ ಅನ್ನ ಬಾಳಲಿಲ್ಲ.

ಅಷ್ಟು ದೂರ ಏಕೆ? ನಮ್ಮ ಮನೆಗಳಿಗೆ ಎರಡು ತೊಟ್ಟಿಯ ಯಂತ್ರ ತಂದವರಲ್ಲಿ ವಿಡಿಯೋಕಾನ್ ಕಂಪನಿ ದೊಡ್ಡದು. 2018ರಲ್ಲಿ ಆ ಕಂಪನಿ ಬ್ಯಾಂಕುಗಳ ಸಾಲದಲ್ಲಿ ಮುಳುಗಿ ದಿವಾಳಿ ನ್ಯಾಯಮಂಡಳಿಯ ಮುಂದೆ ನಿಂತಿತು. ಆದರೂ ಅದರ ಹಳೆಯ ಯಂತ್ರ ರಿಪೇರಿ ಆಗುತ್ತದೆ. ಒಗೆಯುವ ತೊಟ್ಟಿಗೆ ಒಂದು ಮೋಟಾರು, ಹಿಂಡುವ ತೊಟ್ಟಿಗೆ ಇನ್ನೊಂದು; ನಡುವೆ ಪಟ್ಟಾ, ಕೆಪ್ಯಾಸಿಟರ್, ಕೈಯಿಂದ ತಿರುವುವ ಟೈಮರ್. ಕೆಡುವುದು ಹೆಚ್ಚಾಗಿ ರಬ್ಬರ್ ಸೀಲು, ಪಟ್ಟಾ, ಬ್ರೇಕಿನ ತಂತಿ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆಂಬ ಎಚ್ಚರವಿದ್ದ ಮನುಷ್ಯ ಅರ್ಧ ದಿನದಲ್ಲಿ ಇದನ್ನು ಸರಿಪಡಿಸಬಲ್ಲ. ಬಿಡಿಭಾಗ ಮಾರುವ ಸಣ್ಣ ಅಂಗಡಿಕಾರನಿಗೂ ನಾಲ್ಕು ಕಾಸು ಸಿಗುತ್ತದೆ.

ಈಗ ಹೊಸ ಯಂತ್ರವನ್ನು ನೋಡಿರಿ. ಅನೇಕ ಮಾದರಿಗಳಲ್ಲಿ ಒಳಗಿನ ತೊಟ್ಟಿಯನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಒಳಗೊಂದು ಸಣ್ಣ ಬೇರಿಂಗ್ ಹೋದರೆ ಇಡೀ ತೊಟ್ಟಿಯನ್ನೇ ಕೊಳ್ಳಬೇಕು. ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಅಂಟು ಸುರಿದು ಗಟ್ಟಿ ಮಾಡಿರುತ್ತಾರೆ. ಒಂದು ಬಿಂದು ಸುಟ್ಟರೆ ಬೋರ್ಡೇ ಬದಲು. ರಿಪೇರಿಯ ಖರ್ಚು ಕೇಳಿದ ಬಡವ ಸುಮ್ಮನೆ ಹೊಸ ಕಂತಿಗೆ ಸಹಿ ಹಾಕುತ್ತಾನೆ. ಇದು ಯಂತ್ರದ ಸಹಜ ಸಾವೇ? ಅಲ್ಲ, ಅದರ ಆಯುಷ್ಯವನ್ನು ನಕ್ಷೆಯ ಮೇಜಿನ ಮೇಲೆಯೇ ಬರೆದಾಗಿದೆ.

“ಹೊಸ ಯಂತ್ರ ನೀರು ಉಳಿಸುತ್ತದಲ್ಲ?” ಎನ್ನುವವರಿದ್ದಾರೆ. ಮುಂದೆ ಬಾಗಿಲಿರುವ ಯಂತ್ರ ಕಡಿಮೆ ನೀರು ಕುಡಿಯುತ್ತದೆ, ಒಪ್ಪೋಣ. ಆದರೆ ಅದಕ್ಕೆ ನಳದಲ್ಲಿ ಒತ್ತಡವಿರುವ ನೀರು ಬೇಕು. ನಳದ ನೀರಿಗಾಗಿ ವಾರಗಟ್ಟಲೆ ಕಾದ ಓಣಿಗಳು ಹುಬ್ಬಳ್ಳಿಯಲ್ಲಿವೆ. ಅಲ್ಲಿ ಕೊಡದಿಂದ ಸುರಿದ ನೀರಿನಲ್ಲೇ ಓಡುವ, ಒಮ್ಮೆ ಕಲಸಿದ ಸೋಪಿನ ನೀರಿನಲ್ಲಿ ಎರಡು ಸಲ ಒಗೆಯುವ ಹಳೆಯ ಯಂತ್ರವೇ ಉಪಕಾರಿ. ಅದು ಮೂಲೆಗೆ ಬಿದ್ದರೆ ಒಗೆಯುವ ಕಲ್ಲಿಗೆ ಮರಳಿ ಬಗ್ಗುವ ಬೆನ್ನು ಯಾರದು? ನಮ್ಮ ತಾಯಂದಿರದು, ಅಕ್ಕತಂಗಿಯರದು.

2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. ಹಳೆಯ ಎಂಜಿನ್ನುಗಳಿಗೆ ಬಣ್ಣ ಬಳಿದು ನಿಲ್ಲಿಸಿದ್ದಾರೆ, ಒಳ್ಳೆಯದೇ. ಹಳೆಯ ಎಂಜಿನ್ ಊರಿನ ಹೆಮ್ಮೆಯಾದರೆ, ಹಳೆಯ ಒಗೆಯುವ ಯಂತ್ರಕ್ಕೆ ಜೀವ ಕೊಡುವವನು ಹುಚ್ಚನಾಗುವುದು ಹೇಗೆ? ಇವನ ಯಂತ್ರವಂತೂ ದಿನಾಲು ದುಡಿಯುತ್ತದೆ!

ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಕಾನೂನು ಇದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ 10 ವರ್ಷಗಳ ತನಕ ಅದರ ಮುಖ್ಯ ಬಿಡಿಭಾಗಗಳು ಸಿಗಲೇಬೇಕು, ಸಾಮಾನ್ಯ ಹತ್ಯಾರಗಳಿಂದಲೇ ಅವನ್ನು ಬದಲಿಸಲು ಬರಬೇಕು. ನಮ್ಮ ಕೇಂದ್ರ ಸರಕಾರ 2022ರ ಜುಲೈಯಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಒಂದು ಸಮಿತಿ ನೇಮಿಸಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಎಂದರೆ ಕಾನೂನಲ್ಲ. ಅಲ್ಲಿ ಕಂಪನಿಯ ಫೋನ್ ನಂಬರು ಓದಿದರೆ ತೊಟ್ಟಿ ತಿರುಗುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಬಿಡಿಭಾಗ ಹತ್ತು ವರ್ಷ ಸಿಗಬೇಕು, ಕಂಪನಿಯ ಏಜೆಂಟನಿಗಷ್ಟೇ ಅಲ್ಲ, ಓಣಿಯ ಮೇಸ್ತ್ರಿಗೂ ಸಿಗಬೇಕು. ಬಿಚ್ಚಲಾಗದಂತೆ ಬೆಸೆದ ತೊಟ್ಟಿಯ ಮಾರಾಟ ನಿಲ್ಲಬೇಕು. ಯಂತ್ರದ ನಕ್ಷೆ ಮತ್ತು ದುರಸ್ತಿಯ ಕ್ರಮ ಕನ್ನಡದಲ್ಲಿ ಅಚ್ಚಾಗಿ ಪೆಟ್ಟಿಗೆಯೊಳಗೇ ಬರಬೇಕು. ಕಾಮಗಾರ ಬಾಂಧವರೇ, ವ್ಯಾಪಾರಿ ಬಂಧುಗಳೇ, ದುಡ್ಡು ಕೊಟ್ಟು ಕೊಂಡ ಸಾಮಾನನ್ನು ಬಿಚ್ಚಿ ನೋಡುವ ಅಧಿಕಾರವಿಲ್ಲದವನು ಅದರ ಒಡೆಯನಲ್ಲ, ಬಾಡಿಗೆದಾರ. ಗುಜರಿಯಿಂದ ಹಳೆಯ ಯಂತ್ರ ಹೊತ್ತು ತರುವವನನ್ನು ನೋಡಿ ನಗುವುದನ್ನು ಬಿಡಿರಿ. ಅವನ ಕೈಗೊಂದು ಪಾನಾ ಕೊಡಿರಿ!