ಪರದೆಯ ಹಿಂದಿನವರು

ಕಳೆದ ವಾರ ಮೊಮ್ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ವಾರ್ಷಿಕೋತ್ಸವದ ಹಾಡಿನ ತಂಡದಲ್ಲಿ ಅವಳಿಗೆ ಜಾಗ ಸಿಕ್ಕಿಲ್ಲವಂತೆ. ಯಾರಾದ ಮೇಲೆ ಯಾರು ವೇದಿಕೆಗೆ ಹೋಗಬೇಕೆಂದು ನೋಡಿಕೊಳ್ಳುವ ಕೆಲಸ ಕೊಟ್ಟಿದ್ದಾರಂತೆ. "ಚಪ್ಪಾಳೆಯೆಲ್ಲ ಹಾಡೋರಿಗೆ ತಾತ, ನಾನು ಯಾರ ಕಣ್ಣಿಗೂ ಬೀಳಲ್ಲ" ಎಂದು ಚೀಲವನ್ನು ಮೂಲೆಗೆ ಎಸೆದಳು.

ಆಗ ನಾನೇನೂ ಹೇಳಲಿಲ್ಲ. ಊಟವಾದ ಮೇಲೆ ಬ್ರಯನ್ ಎಪ್‌ಸ್ಟೈನ್‌ನ ಕಥೆ ಹೇಳಿದೆ. ಮಕ್ಕಳೇ, ನಿಮಗೂ ಹೇಳುತ್ತೇನೆ.

ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್. ಅಲ್ಲಿ ಬ್ರಯನ್ ತನ್ನ ಮನೆಯವರ ರೆಕಾರ್ಡ್ ಅಂಗಡಿ ನೋಡಿಕೊಳ್ಳುತ್ತಿದ್ದ. ನಟನಾಗಲೆಂದು ಲಂಡನ್ನಿನ ನಾಟಕ ಶಾಲೆ ಸೇರಿ, ಅರ್ಧಕ್ಕೇ ಬಿಟ್ಟು ಬಂದವನು. ಗಿರಾಕಿ ಕೇಳಿದ ರೆಕಾರ್ಡ್ ಇಲ್ಲವೆಂದು ಸುಮ್ಮನಾಗುವವನಲ್ಲ, ಹುಡುಕಿ ತರಿಸುತ್ತಿದ್ದ. 1961ರಲ್ಲಿ ಒಬ್ಬ ಹುಡುಗ ಬಂದು ಬೀಟಲ್ಸ್ ತಂಡದ ರೆಕಾರ್ಡ್ ಕೇಳಿದನೆಂದು ಅವನೇ ಬರೆದುಕೊಂಡಿದ್ದಾನೆ. ಯಾರಿವರು ಎಂದು ನವೆಂಬರ್ 9ರ ಮಧ್ಯಾಹ್ನ, ಅವರು ಹಾಡುತ್ತಿದ್ದ ನೆಲಮಾಳಿಗೆಗೆ ಇಳಿದು ಹೋದ.

ಅಲ್ಲಿದ್ದವರು ಚರ್ಮದ ಜಾಕೆಟ್ ತೊಟ್ಟ ನಾಲ್ವರು ಹುಡುಗರು. ವೇದಿಕೆಯ ಮೇಲೇ ತಿನ್ನುವುದು, ಹರಟುವುದು! ಆದರೆ ಹಾಡು ಬ್ರಯನ್‌ನ ಮನಸ್ಸು ಹಿಡಿಯಿತು. ತಂಡ ನಡೆಸಿ ಅನುಭವವಿಲ್ಲದಿದ್ದರೂ ಅವರ ಮ್ಯಾನೇಜರ್ ಆದ. ಸೂಟು ಹೊಲಿಸಿದ, ಹಾಡು ಮುಗಿದಾಗ ಒಟ್ಟಿಗೆ ಬಾಗಿ ನಮಿಸುವುದನ್ನು ಕಲಿಸಿದ. ರೆಕಾರ್ಡ್ ಹಿಡಿದು ಕಂಪನಿಯಿಂದ ಕಂಪನಿಗೆ ಅಲೆದ. ಹೋದಲ್ಲೆಲ್ಲ ಬೇಡವೆಂದರು.

ಕೊನೆಗೆ ಕಿವಿಗೊಟ್ಟವನು ಜಾರ್ಜ್ ಮಾರ್ಟಿನ್. ಇವನು ನಿರ್ಮಾಪಕ, ಅಂದರೆ ಹಾಡು ರೆಕಾರ್ಡ್ ಆಗುವಾಗ ಹೇಗೆ ಕೇಳಿಸಬೇಕೆಂದು ನೋಡಿಕೊಳ್ಳುವವನು. ಹುಡುಗರು ನಿಧಾನವಾಗಿ ಹಾಡಿದ ಒಂದು ಹಾಡನ್ನು ವೇಗವಾಗಿ ಹಾಡಿಸಿದ. ಅದು ಮನೆಮಾತಾಯಿತು. ಇನ್ನೊಂದಕ್ಕೆ ಪಿಟೀಲುಗಳನ್ನು ಜೋಡಿಸಿದ. 1964ರ ಫೆಬ್ರುವರಿ 9ರಂದು ಅಮೆರಿಕದ ಟಿವಿಯಲ್ಲಿ ಬೀಟಲ್ಸ್ ಹಾಡಿದಾಗ ನೋಡಿದವರು ಸುಮಾರು 7 ಕೋಟಿ 30 ಲಕ್ಷ ಮಂದಿ!

ಬ್ರಯನ್ ಎಡವಲೇ ಇಲ್ಲವೆಂದಲ್ಲ. ತಂಡದ ಹೆಸರು ಹಾಕಿದ ಬೊಂಬೆ, ಟೋಪಿಗಳ ಪರವಾನಗಿಯಿಂದ ಬರುವ ಹಣದಲ್ಲಿ ನೂರಕ್ಕೆ ತೊಂಬತ್ತು ಪಾಲು ಬೇರೆಯವರಿಗೆ ಹೋಗುವಂಥ ಒಪ್ಪಂದ ಅವನ ಕಾಲದಲ್ಲೇ ಆಯಿತು. 1967ರ ಆಗಸ್ಟ್‌ನಲ್ಲಿ, 32ನೇ ವಯಸ್ಸಿಗೇ ತೀರಿಕೊಂಡ. ಆಮೇಲೆ ನಾಲ್ವರ ನಡುವೆ ವ್ಯವಹಾರದ ಜಗಳಗಳು ಬೆಳೆದವು. 1970ರಲ್ಲಿ ತಂಡ ಒಡೆಯಿತು. ಮನೆಯ ತೊಲೆ ಸರಿದ ಮೇಲಲ್ಲವೇ ಅದರ ಭಾರ ತಿಳಿಯುವುದು?

ಐದನೆಯ ಬೀಟಲ್ ಎನ್ನಬಹುದಾದರೆ ಅದು ಬ್ರಯನ್ ಎಂದು ಮುಂದೆ ಪಾಲ್ ಮೆಕಾರ್ಟ್ನಿ ಹೇಳಿದ. 2016ರಲ್ಲಿ ಮಾರ್ಟಿನ್ ತೀರಿಕೊಂಡಾಗ ಅವನ ಬಗ್ಗೆಯೂ ಅದನ್ನೇ ಹೇಳಿದ! ಅವರಿಬ್ಬರಲ್ಲಿ ಒಬ್ಬರನ್ನೂ ಬಿಡಲು ಮನಸ್ಸು ಬರಲಿಲ್ಲವೇನೋ.

ಕಥೆ ಕೇಳಿದ ಮೊಮ್ಮಗಳು ಹೊತ್ತು ಬಿಟ್ಟು ಅಂದಳು: "ಒಂದು ಹಾಳೆ ಕೊಡು ತಾತ." ಯಾರಿಗೆ ಯಾವಾಗ ಮೈಕು ಕೊಡಬೇಕು, ಯಾವ ಪುಟಾಣಿಗೆ ಹೆದರಿಕೆ ಜಾಸ್ತಿ, ಎಲ್ಲ ಬರೆದಳು. ಮಲಗುವ ಮುಂಚೆ, "ಮುಂದಿನ ವರ್ಷ ಮಾತ್ರ ನಾನು ಹಾಡೇ ಹಾಡ್ತೀನಿ" ಎಂದಳು. ಹಾಡಲಿ, ಸಂತೋಷ.

ನಿಮ್ಮ ಶಾಲೆಯಲ್ಲಿ ಕಳೆದ ಸಲ ಪರದೆ ಎಳೆದವರು ಯಾರು ಮಕ್ಕಳೇ? ಹೆಸರು ಗೊತ್ತಿಲ್ಲದಿದ್ದರೆ ನಾಳೆಯೇ ಕೇಳಿಕೊಂಡು ಬನ್ನಿ.